ನೀರಿನ ಗುರುತು, ನನ್ನ ಗುರುತು

ಸುರಪುರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಮೇಲುಗಡೆ, ಒಂದು ಕ್ಯಾಲೆಂಡರು ತೂಗುತ್ತದೆ. ಅದೇ ಮೊಳೆಗೆ ದಾರ ಕಟ್ಟಿ ಒಂದು ಮೋಟು ಪೆನ್ಸಿಲ್ಲನ್ನೂ ಇಳಿಬಿಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಇಂಥದೊಂದು ಇರಬಹುದು: ಹುಣ್ಣಿಮೆಗೆ ಬಿಳಿ ದುಂಡು, ಅಮಾವಾಸ್ಯೆಗೆ ಕರಿ ದುಂಡು, ಸರಕಾರಿ ರಜೆಗೆ ಕೆಂಪು ಅಂಕಿ, ಜೊತೆಗೆ ಯಾರೂ ಓದದ ರಾಹುಕಾಲದ ಪಟ್ಟಿ. ನಮ್ಮವ್ವನಿಗೆ ಇದಿಷ್ಟೂ ಸಾಲದು. ನಲ್ಲಿಯಲ್ಲಿ ನೀರು ಬಂದ ದಿನದ ಮೂಲೆಯಲ್ಲಿ ಅವಳು ಒಂದು ಇಂಟು ಗುರುತು ಹಾಕುತ್ತಾಳೆ. ನಮ್ಮ ಓಣಿಗೆ ನೀರು ಬಿಡುವುದು ಐದಾರು ದಿನಕ್ಕೊಮ್ಮೆಯಾದ್ದರಿಂದ, ಕೊಡಗಳನ್ನು ತೊಳೆದಿಟ್ಟುಕೊಳ್ಳುವ ದಿನ ಅವಳಿಗೆ ಮೊದಲೇ ಗೊತ್ತಿರಬೇಕು.

ವಕೀಲಿಕೆಯ ಆರಂಭದಲ್ಲಿ ಅದೇ ಪೆನ್ಸಿಲ್ಲಿನಿಂದ, ಅದೇ ಚೌಕಗಳಲ್ಲಿ, ಅವ್ವನಿಗೆ ಹೇಳದೆ ನಾನೂ ಇಂಟು ಗುರುತು ಹಾಕುತ್ತಿದ್ದೆ. ನನ್ನವು ನೀರಿನವಲ್ಲ. ಯಾವ ದಿನ ಕೋರ್ಟಿನಿಂದ ಬಂದು ಬಚ್ಚಲಲ್ಲಿ ಕೂತು ಅತ್ತೆನೋ ಆ ದಿನಕ್ಕೊಂದು.

ಅಳುವಂಥದ್ದು ಏನಾಗಿತ್ತು ಎಂದು ಕೇಳಿದರೆ ಏನೂ ಆಗಿರಲಿಲ್ಲ, ಅದೇ ನನ್ನ ದುಃಖ. ಕಲಬುರ್ಗಿಯಲ್ಲಿ ಕಾನೂನು ಓದುವಾಗ ವಾದಿಸುವುದನ್ನೇ ಕನಸು ಕಂಡವಳು ನಾನು. ಶಹಾಪುರಕ್ಕೆ ಬಂದು ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ ಮೇಲೆ ನನ್ನ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು, “ಹಿರಿಯರು ಬೇರೆ ನ್ಯಾಯಾಲಯದಲ್ಲಿದ್ದಾರೆ, ತಾರೀಖು ಕೊಡಬೇಕು ಸ್ವಾಮಿ.” ಬೆಳಿಗ್ಗೆ ಸುರಪುರದಿಂದ ಬಸ್ಸಿನಲ್ಲಿ ನಿಂತು ಬರುವುದು, ಏಪ್ರಿಲ್ಲಿನ ಬಿಸಿಲಲ್ಲಿ ಕರಿ ಕೋಟು ತೊಟ್ಟು ಹಿಂದಿನ ಬೆಂಚಿನ ತುದಿಯಲ್ಲಿ ಕೂರುವುದು, ಹೆಸರು ಕೂಗಿದಾಗ ಎದ್ದು ಆ ಒಂದು ಮಾತು ಒಪ್ಪಿಸುವುದು, ಹೊರಗೆ ಬಂದು ಕಕ್ಷಿದಾರರಿಗೆ ಮುಂದಿನ ದಿನ ಹೇಳುವುದು. ಪಂಜರದ ಗಿಣಿಯಾದರೂ ದಿನಕ್ಕೆರಡು ಮಾತು ಹೆಚ್ಚು ಆಡೀತು. ನನ್ನ ಚೀಲದಲ್ಲಿ ಯಾವುದೋ ಸರಕಾರಿ ಕಚೇರಿಯ ಗುಮಾಸ್ತೆ ಹುದ್ದೆಯ ಅರ್ಜಿ ಭರ್ತಿಯಾಗಿ ಕೂತಿತ್ತು. ಅಂಚೆಗೆ ಹಾಕುವುದೊಂದೇ ಬಾಕಿ.

ಗುಟ್ಟು ರಟ್ಟಾದದ್ದು ನೀರಿನಿಂದಲೇ. ತಿಂಗಳ ಕೊನೆಗೆ ಅವ್ವ ಎಣಿಸುತ್ತಾಳೆ, ಹದಿನೆಂಟು ಇಂಟು! ಅವಳು ತನ್ನ ನೆನಪನ್ನು ನಂಬದಿದ್ದರೂ ಕ್ಯಾಲೆಂಡರನ್ನು ನಂಬುವವಳು. ಸುದ್ದಿ ಗೋಡೆ ದಾಟಿ ಪಕ್ಕದ ಮನೆಯ ಕಾಶಮ್ಮನಿಗೆ ಮುಟ್ಟಿತು, ಕಾಶಮ್ಮ ಸೆರಗು ಸಿಕ್ಕಿಸಿಕೊಂಡು ಹೋಗಿ ನೀರು ಬಿಡುವವನನ್ನು ಅಡ್ಡಗಟ್ಟಿದಳು. “ಅವರ ಮನಿಗಿ ಹದಿನೆಂಟ ಸಲ, ನಮ್ಮ ಮನಿಗಿ ಐದ ಸಲ! ನಾವೇನ ಪಾಪ ಮಾಡೇವು?” ಆ ಬಡಪಾಯಿ ದೇವರಾಣೆ ಹಾಕಿ ಹಾಕಿ ಸುಸ್ತಾದ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ. ಹೊರಗೆ ಓಡಿ “ಅವು ನನ್ನವು” ಎಂದೆ. ಏನು, ಎತ್ತ ಎಂಬುದನ್ನು ಅವ್ವನಿಗೆ ಮಾತ್ರ ಒಳಗೆ ಕರೆದು ಹೇಳಿದೆ.

ಅವ್ವ ನನ್ನನ್ನು ತಬ್ಬಿಕೊಳ್ಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ಸ್ವಲ್ಪ ಹೊತ್ತು ನಿಂತಿತು, ಅಷ್ಟೇ. “ಹಂಗಾದ್ರ ನಿನ್ನವು ಬ್ಯಾರೆ ಬಣ್ಣದಾಗ ಹಾಕು. ನೀರಿಂದು ನೀರಿಗಿರಲಿ” ಎಂದಳು. ಮರುದಿನ ಮೊಳೆಯಲ್ಲಿ ಕೆಂಪು ಪೆನ್ಸಿಲ್ಲೊಂದು ಜೋತಾಡುತ್ತಿತ್ತು. ಆಗ ನನಗೆ ಸಿಟ್ಟೇ ಬಂದಿತ್ತು. ಮಗಳ ಕಣ್ಣೀರಿಗೂ ನಲ್ಲಿ ನೀರಿಗೂ ಒಂದೇ ಮೊಳೆಯೇ ಎಂದು.

ಹೀಗಿರುವಾಗ ನಿಂಗವ್ವನ ದಾವೆ ನನ್ನ ಪಾಲಿಗೆ ಬಂತು. ನಿಂಗವ್ವ ವನದುರ್ಗದ ಹತ್ತಿರದ ಹಳ್ಳಿಯ ಕುರಿ ಸಾಕುವ ಹೆಂಗಸು, ಗಂಡ ಇಲ್ಲ. ಅವಳ ಹೊಲಕ್ಕೂ ಬಾವಿಗೂ ಹೋಗುವ ಹಳೆಯ ದಾರಿಗೆ ಪಕ್ಕದ ಹೊಲದವನು ಮುಳ್ಳು ಬಡಿದು ಮುಚ್ಚಿದ್ದ. ಕುರಿಗಳನ್ನು ಗುಡ್ಡ ಸುತ್ತಿಸಿ ನೀರಿಗೆ ಹೊಡೆದುಕೊಂಡು ಹೋಗಬೇಕಾಗಿತ್ತು. ಅವಳ ಪಾಟಿಸವಾಲಿಗೆ, ಅಂದರೆ ಎದುರಾಳಿ ವಕೀಲರು ಅವಳನ್ನು ಪ್ರಶ್ನಿಸುವುದಕ್ಕೆ, ನ್ಯಾಯಾಧೀಶರು ಕೊನೆಯ ಅವಕಾಶ ಎಂದೇ ಒಂದು ದಿನ ಕೊಟ್ಟರು.

ಈ ಕಡೆಯ ಹಳ್ಳಿಯ ಹಿರಿಯರು ಹದಿನಾಲ್ಕು, ಹದಿನೈದು ಎಂದು ದಿನ ನೆನಪಿಡುವುದಿಲ್ಲ. ಅಮಾವಾಸ್ಯೆಗೆ ಎಷ್ಟು ದಿನ ಮುಂಚೆ, ಹುಣ್ಣಿಮೆ ಆದ ಮೇಲೆ ಯಾವ ಸಂತೆ, ಹೀಗೆ ಅವರ ಲೆಕ್ಕ. ನಾನು ಚೀಟಿಯಲ್ಲಿ ತಾರೀಖು ಬರೆದುಕೊಟ್ಟೆ. ಓದು ಬಾರದ ನಿಂಗವ್ವ ಅದನ್ನು ಎಲೆಅಡಿಕೆಯ ಸಂಚಿಗೆ ಸೇರಿಸಿ ಕೇಳಿದಳು, “ಅಮಾಸಿ ಮರುದಿನ ಏನ್ರಿ ಅಕ್ಕೋರ? ಅಮಾಸಿ ದಿನ ನಾ ಹರಕಿ ತೀರಸಾಕ ಕೊಡೇಕಲ್‌ಗೆ ಹೋಗಿರ್ತೇನ್ರಿ.” ನನ್ನ ಬಸ್ಸು ಹೊರಡುವುದರಲ್ಲಿತ್ತು, ಮನಸ್ಸು ಆಗಲೇ ಸಂಜೆಯ ಬಚ್ಚಲಲ್ಲಿ ಕೂತಿತ್ತು. “ಹೂಂ, ಹೂಂ” ಎಂದು ಓಡಿದೆ.

ಆ ದಿನ ನಮ್ಮ ಹಿರಿಯ ವಕೀಲರು ಯಾದಗಿರಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿದ್ದರು. ಜವಾನ ನಿಂಗವ್ವನ ಹೆಸರನ್ನು ಮೂರು ಸಲ ಕೂಗಿದ. ವರಾಂಡದಲ್ಲಿ ಯಾರೂ ಇಲ್ಲ. ನನಗೆ ಗೊತ್ತಿದ್ದ ಒಂದೇ ಮಾತನ್ನು ಆಡಿದೆ, ನ್ಯಾಯಾಧೀಶರು ಆಗದೆಂದು ತಲೆಯಾಡಿಸಿದರು. ಅವಳ ಸಾಕ್ಷ್ಯವನ್ನು ಅಲ್ಲಿಗೇ ಮುಗಿಸಿದರು. ಅವಳ ಮಾತಿಲ್ಲದೆ ಆ ದಾವೆಯಲ್ಲಿ ಉಳಿಯುವುದು ಬರೀ ಕಾಗದ. ಎಂಥ ಹೆಂಗಸಪ್ಪ, ಹೇಳಿದ ದಿನ ಬರಬಾರದೇ ಎಂದು ಮನಸ್ಸಿನಲ್ಲೇ ಅವಳನ್ನು ಬೈದುಕೊಂಡು ಮನೆಗೆ ಬಂದೆ. ಕೆಂಪು ಪೆನ್ಸಿಲ್ಲು ಹಿಡಿದು ಆ ದಿನದ ಚೌಕಕ್ಕೆ ಕೈ ಇಟ್ಟಾಗ ಕಂಡಿತು: ಅಂಕಿಯ ಪಕ್ಕದಲ್ಲೇ ಬಟಾಣಿಯಷ್ಟು ದೊಡ್ಡ ಕರಿ ದುಂಡು.

ಅಂದೇ ಅಮಾವಾಸ್ಯೆ! ದಿನಾ ಅದೇ ಹಾಳೆಯ ಮುಂದೆ ನಿಂತು ಗುರುತು ಹಾಕುತ್ತಿದ್ದವಳು ನಾನು. ನನ್ನ ಇಂಟುಗಳ ಹೊರತು ಬೇರೇನೂ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ದುಃಖ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ ಎನ್ನುತ್ತಾರೆ. ನನ್ನನ್ನು ಅದು ಕುರುಡಿ ಮಾಡಿತ್ತು, ಅಷ್ಟು ಸಾಲದೆಂದು ಒರಟಳನ್ನಾಗಿಯೂ ಮಾಡಿತ್ತು. ಆ ದಿನ ನಾನು ಗುರುತು ಹಾಕಲಿಲ್ಲ. ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಕೋರ್ಟಿನ ಬೇವಿನ ಮರದ ಕೆಳಗೆ ನಿಂಗವ್ವ ಕೂತಿದ್ದಳು, ಮಡಿಕೆ ಬಿಚ್ಚಿದ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು. “ನೀವು ಹೇಳಿದ ದಿನಾನ ಬಂದೀನ್ರಿ ಅಕ್ಕೋರ” ಎನ್ನುತ್ತ ನನ್ನ ಅಂಗೈಗೆ ಪ್ರಸಾದದ ಸಕ್ಕರೆ ಸುರಿದಳು. ತಪ್ಪು ನನ್ನದು, ದಿನ ನಿನ್ನೆಯೇ ಮುಗಿದುಹೋಯಿತು ಎಂದು ಹೇಳಿದೆ. ಅವಳು ಬೈಯದೆ ಒಂದೇ ಮಾತು ಕೇಳಿದಳು: “ಹಂಗಾದ್ರ ನನ್ನ ದಾರಿ ಹೋತೇನ್ರಿ?”

ಹಿರಿಯರು ಅನುಭವಸ್ಥರು, ಕೆಟ್ಟವರಲ್ಲ. ಸಾಕ್ಷ್ಯವನ್ನು ಮತ್ತೆ ತೆರೆಯಲು ಅರ್ಜಿ ಹಾಕೋಣ ಎಂದರು. “ಆಕಿಗಿ ಜ್ವರ ಬಂದಿತ್ತಂತ ಬರಿ, ಎಲ್ಲಾರೂ ಹಂಗ ಬರೀತಾರ.” ನನ್ನ ಅಂಗೈಯಲ್ಲಿ ಇನ್ನೂ ಸಕ್ಕರೆಯ ಅಂಟಿತ್ತು. “ತಪ್ಪ ನಂದು ಸರ್. ಹಂಗಽ ಬರೀತೀನ್ರಿ” ಎಂದೆ. “ನಿನ್ನ ಹೆಸರ ಕೆಡ್ತೈತಿ, ಹುಚ್ಚಿ!” ಎಂದರು. “ಕೆಡಾಕ ಇನ್ನಾ ಹೆಸರ ಎಲ್ಲಿ ಮಾಡೀನ್ರಿ ಸರ್?” ಅವರು ನಕ್ಕುಬಿಟ್ಟರು. “ಹಂಗಾದ್ರ ವಾದಾನೂ ನೀನಽ ಮಾಡು.”

ಮಾಡಿದೆ. ಅಡುಗೆಕೋಣೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದೆ. ನಮ್ಮ ಜನ ದಿನ ಎಣಿಸುವ ಬಗೆ, ಅವಳು ಕೇಳಿದ ಪ್ರಶ್ನೆ, ನಾನು ನೋಡದೆ ಕೊಟ್ಟ ಉತ್ತರ, ಎಲ್ಲವನ್ನೂ ಹೇಳಿ, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ, ಅವಳ ದಾರಿಗೆ ಕೊಡಬೇಡಿ ಎಂದೆ. ಎದುರಾಳಿ ವಕೀಲರು ಇದೆಲ್ಲ ನಾಟಕವೆಂದರು. ನ್ಯಾಯಾಧೀಶರು ಕ್ಯಾಲೆಂಡರು ಬಿಡಿಸಿ ಕರಿ ದುಂಡನ್ನು ನೋಡಿದರು, ಕನ್ನಡಕ ಸರಿಸಿ ಮತ್ತೆ ನೋಡಿದರು. “ಈ ಕೆಂಪು ಗುರುತುಗಳು ಏನು?”

“ಅವು ಈ ದಾವೆಗೆ ಸಂಬಂಧಪಟ್ಟವಲ್ಲ, ಸ್ವಾಮಿ.”

ಅವರ ಮೀಸೆಯ ಅಂಚು ಅಲುಗಿದ್ದು ನನ್ನ ಭ್ರಮೆ ಇರಲಾರದು. ಅರ್ಜಿ ಮಂಜೂರಾಯಿತು. ಹೊಸ ದಿನವನ್ನು ಕ್ಯಾಲೆಂಡರು ನೋಡಿ ನೀವೇ ಹೇಳಿ ಎಂದರು. ನಾನು ಅಮಾವಾಸ್ಯೆಯಿಂದ ದೂರದ ಒಂದು ದಿನ ಹೇಳಿದೆ. ಆ ದಿನ ನಿಂಗವ್ವ ಕಟಕಟೆಯಲ್ಲಿ ನಿಂತು, ಎದುರಿನವರು ಎಷ್ಟು ತಿರುವಿ ಕೇಳಿದರೂ, ದಾರಿಯ ಒಂದೊಂದು ಕಲ್ಲಿನ, ಜಾಲಿಗಿಡದ ಗುರುತು ಹೇಳಿದಳು. ಮುಂದಿನ ವರ್ಷ ತೀರ್ಪು ಅವಳ ಪರವಾಗಿ ಬಂತು. ಎದುರಿನವರು ಯಾದಗಿರಿಗೆ ಮೇಲ್ಮನವಿ ಹೋಗಿದ್ದಾರೆ, ಅದು ಇನ್ನೂ ನಡೆದಿದೆ; ಆದರೆ ಮುಳ್ಳು ಸರಿದಿದೆ, ಕುರಿಗಳು ನೆಟ್ಟಗೆ ಬಾವಿಗೆ ಹೋಗುತ್ತಿವೆ.

ನನ್ನ ಕಷ್ಟಗಳೆಲ್ಲ ಅಂದೇ ಮುಗಿದವು ಎಂದರೆ ನೀವು ನಂಬಬೇಡಿ. ಈಗಲೂ ವಾರಕ್ಕೆ ಹತ್ತು ಸಲ ತಾರೀಖು ಕೇಳುತ್ತೇನೆ, ಕೆಂಪು ಪೆನ್ಸಿಲ್ಲೂ ಇನ್ನೂ ಮೊಳೆಯಲ್ಲೇ ತೂಗುತ್ತಿದೆ. ಆದರೆ ಆ ಮಾತು ಆಡುವಾಗ ಅದರ ಆಚೆ ನಿಂಗವ್ವನಂಥ ಒಬ್ಬಳು, ಅವಳ ಬಸ್ಸು, ಅವಳ ಹರಕೆ ಇರುವುದು ನೆನಪಾಗುತ್ತದೆ. ಹೊರಗೆ ಬಂದು ಅಮಾವಾಸ್ಯೆ, ಸಂತೆ ಎಲ್ಲ ಹೊಂದಿಸಿ ದಿನ ಹೇಳುತ್ತೇನೆ. ಕೆಲಸ ಅದೇ, ಈಗ ಅದು ನನ್ನದು. ಗುಮಾಸ್ತೆ ಹುದ್ದೆಯ ಅರ್ಜಿ ಚೀಲದಲ್ಲೇ ಕೊನೆಯ ದಿನ ದಾಟಿತು, ನಾನು ಗಮನಿಸಲೂ ಇಲ್ಲ.

ಮೊನ್ನೆ ತಿಂಗಳ ಹಾಳೆ ತಿರುವುವ ಮುಂಚೆ ಅವ್ವ ಕ್ಯಾಲೆಂಡರಿನ ಮುಂದೆ ನಿಂತು, ಬೆರಳಿಟ್ಟು, ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು. ನಾನು ಕೋಟು ತೊಟ್ಟು ಬಸ್ಸಿಗೆ ಹೊರಟಿದ್ದೆ. ಅವಳು ತಿರುಗಿ ನೋಡಿ, ದೊಡ್ಡ ಸುದ್ದಿಯೇನೂ ಅಲ್ಲವೆಂಬಂತೆ ಹೇಳಿದಳು:

“ಈ ತಿಂಗಳ ನಿನ್ನವಕಿಂತ ನೀರಿನವ ಹೆಚ್ಚ ಅದಾವ ನೋಡು.”