ಮೈಕಿಲ್ಲದೆ ಮೂರು ಸಲ ಸತ್ತದ್ದು

ನನ್ನ ದನಿ ಸಣ್ಣದು. ಹೋಟೆಲಿನಲ್ಲಿ ನಾನು ಕೇಳಿದ ಕಾಫಿ, ಪಕ್ಕದ ಮೇಜಿನವರು ಕನಿಕರಪಟ್ಟು ಇನ್ನೊಮ್ಮೆ ಕೂಗಿ ಹೇಳಿದ ಮೇಲೆಯೇ ಬರುತ್ತದೆ. ಇಂಥವನು ಅಜ್ಜಂಪುರದಲ್ಲಿ ಮೈಕಿಲ್ಲದೆ ಐನೂರು ಜನರೆದುರು ರಾಜನಾಗಿ ಹಾಡಿ, ಒಂದೇ ಮಧ್ಯಾಹ್ನ ಮೂರು ಸಲ ಸತ್ತೆ ಎಂದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಮುಂದಿನ ಬೆಂಚಿನಲ್ಲೇ ಕೂತು ನೋಡಿದವಳು. ಅವಳಿಗೂ ಪೂರ್ತಿ ನಂಬಿಕೆಯಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾಟಕವೆಂದರೆ ಮೈಕ್ ಸೆಟ್ ಮೊದಲು, ನಟರು ಆಮೇಲೆ. ರಂಗದ ನಡುವೆ ಮೈಕು ನೇತಾಡುತ್ತಿತ್ತು. ರಾಜ, ರಾಣಿ, ಶತ್ರು ಎಲ್ಲರೂ ಅದರ ಕೆಳಗೇ ಒತ್ತಿಕೊಂಡು ನಿಂತು, ಪ್ರೇಮವನ್ನೂ ಯುದ್ಧವನ್ನೂ ಅಲ್ಲೇ ಮುಗಿಸಬೇಕಾಗಿತ್ತು. ಇದನ್ನು ಕಂಡು ಕುದಿಯುತ್ತಿದ್ದವರು ನಮ್ಮೂರಿನ ಟೈಲರ್ ಗೌಸ್ ಸಾಹೇಬರು. ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಕಾಲು ಹಾರ್ಮೋನಿಯಂ ನುಡಿಸಿದವರು. ಹೊಲಿಗೆ ಮಿಷನ್ ತುಳಿಯುವಾಗಲೂ ಅವರ ಕಾಲು ತಾಳ ತಪ್ಪುತ್ತಿರಲಿಲ್ಲ.

ಒಂದು ದಿನ ನಮ್ಮ ಹತ್ತು ಜನರ ಪುಟ್ಟ ನಾಟಕ ಸಂಘದ ಎದುರು ಅವರು ಹೇಳಿಬಿಟ್ಟರು: "ಈ ಸಲ ಹಳೇ ಪದ್ಧತೀಲೇ ಆಡೋಣ ಕಣ್ರಪ್ಪಾ. ಮೈಕ್ ಬ್ಯಾಡ, ಸಿನಿಮಾ ಮಟ್ಟು ಬ್ಯಾಡ. ಕೊನೇ ಬೆಂಚಿಗೆ ಬರೀ ಗಂಟ್ಲಲ್ಲೇ ಕೇಳಿಸ್ಬೇಕು. ಕೇಳಿಸ್ಲಿಲ್ಲ ಅಂದ್ರೆ ನಾನಿನ್ನು ಹಾರ್ಮೋನಿಯಂ ಮುಟ್ಟಲ್ಲ, ಬಟ್ಟೆ ಹೊಲ್ಕೊಂಡಿರ್ತೀನಿ."

ಕೊನೆಯ ಬೆಂಚಿಗೆ ಪರೀಕ್ಷಕರನ್ನೂ ಅವರೇ ಆರಿಸಿದರು: ತಮ್ಮ ಹಳೆಯ ಸ್ನೇಹಿತ, ಯಗಟಿಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು. ಆ ಕಾಲದ ಕಂಪನಿಗಳ ಹಾಡೆಲ್ಲ ಕೇಳಿದವರು, ಆದರೆ ಈಗ ಕಿವಿ ಸ್ವಲ್ಪ ಮಂದ. "ರುದ್ರನ ಕಿವಿಗೆ ಬಿದ್ರೆ ಊರಿಗೇ ಬಿದ್ದಂಗೆ" ಎಂದರು ಸಾಹೇಬರು. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಕೂಗುವುದು ಹಳೆಯ ಪದ್ಧತಿ. ಕೂಗಿದರೆ ನಟ ಸತ್ತು ಬಿದ್ದಿದ್ದರೂ ಎದ್ದು ಹಾಡಬೇಕು.

ರಾಜನ ಪಾತ್ರಕ್ಕೆ ನನ್ನನ್ನೇ ಏಕೆ ಆರಿಸಿದರು ಎಂದು ನೀವು ಕೇಳಬಹುದು. ದರ್ಜಿಯೊಬ್ಬ ನಾಟಕದ ಮೇಷ್ಟ್ರಾದರೆ ಹೀಗೇ ಆಗುವುದು. ಅವರು ಮೊದಲು ಹಳೇ ಕಂಪನಿಯ ರಾಜನ ಮಖಮಲ್ ಕೋಟನ್ನು ನೆನಪಿನಿಂದಲೇ ಕತ್ತರಿಸಿ ಹೊಲಿದರು; ಆಮೇಲೆ ಅದು ಯಾರ ಮೈಗೆ ಸರಿಹೋಗುತ್ತದೆಂದು ನೋಡಿದರು. ನನಗೆ ಸರಿಹೋಯಿತು. ದನಿಯ ಅಳತೆಯನ್ನು ಯಾರೂ ತೆಗೆದಿರಲಿಲ್ಲ.

ಆ ತಪ್ಪನ್ನು ತಿದ್ದಲು ಪ್ರತಿ ಭಾನುವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಪ್ಲಾಟ್‌ಫಾರಂನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. "ಕೇಳಿಸ್ಲಿಲ್ಲ ಕಣಪ್ಪಾ!" ಎಂದು ಅವರು ಕೂಗುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಒಂದು ಸಲ ನಾನು ಗಂಟಲು ಹರಿಯುವಂತೆ ವಿರಹದ ಹಾಡು ಹಾಡುತ್ತಿದ್ದರೆ ಮುದುಕಿಯೊಬ್ಬರು ಬಂದು, "ಯಾವ ಗಾಡಿ ಬತ್ತಂತಪ್ಪಾ? ಬೀರೂರ್ದಾ?" ಎಂದು ವಿಚಾರಿಸಿಕೊಂಡು ಹೋದರು.

ನಾಟಕ ನಡೆದದ್ದು ಈರುಳ್ಳಿ ಮಂಡಿಯ ಖಾಲಿ ಗೋದಾಮಿನಲ್ಲಿ, ಭಾನುವಾರ ಮಧ್ಯಾಹ್ನ. ಮೊದಲೆರಡು ಹಾಡು ಗದ್ದಲದಲ್ಲಿ ಮುಳುಗಿಹೋದವು. ಸಾಹೇಬರ ಮುಖ ಬಿಳಿಚಿಕೊಂಡಿತು. ಉಳಿದದ್ದು ಮೂರನೆಯದು, ರಾಜನ ಮರಣದ ಹಾಡು. ಎದೆಗೆ ಕತ್ತಿ ಬಿದ್ದ ಮೇಲೆ ಏಳು ನಿಮಿಷ ಹಾಡಿ ಸಾಯುವುದು ಹಳೆಯವರ ಕ್ರಮ. ಕತ್ತಿ ಬಿತ್ತು, ಹಾಡಿದೆ, ಸತ್ತೆ.

ಒಂದು ಸದ್ದಿಲ್ಲ. ಸತ್ತವನು ಕಣ್ಣು ಬಿಡುವ ಹಾಗೂ ಇಲ್ಲ. ಹಾರ್ಮೋನಿಯಂ ನಿಂತಿತು. ಈ ಮುದುಕರ ಕೈಯಿಂದ ಹಾಡನ್ನು ಶಾಶ್ವತವಾಗಿ ಕಿತ್ತುಕೊಂಡವನು ನಾನೇ ಎಂದು ಬಿದ್ದಲ್ಲೇ ಅಂದುಕೊಂಡೆ.

ಆಗ ಕೊನೆಯ ಬೆಂಚಿನಿಂದ, ಕಿವಿ ಮಂದವಾದವರಿಗೆ ಮಾತ್ರ ಸಾಧ್ಯವಾದ ದೊಡ್ಡ ದನಿಯಲ್ಲಿ, "ಒನ್ಸ್ ಮೋರ್!"

ಎದ್ದೆ. ನನ್ನನ್ನು ಕೊಂದ ಶತ್ರು ಅಷ್ಟರಲ್ಲಿ ಒಳಗೆ ಹೋಗಿ ಮೀಸೆ ಕಿತ್ತಿಟ್ಟು ಟೀ ಕುಡಿಯುತ್ತಿದ್ದ. ಮೀಸೆಯಿಲ್ಲದೆಯೇ ಓಡಿಬಂದು ಮತ್ತೆ ಕೊಂದ. ಮತ್ತೆ "ಒನ್ಸ್ ಮೋರ್!" ಈ ಸಲ ಇಡೀ ಗೋದಾಮೇ ಕೂಗಿತು. ಮೂರನೆಯ ಸಲ ಸಾಯುವಾಗ ಓರೆಗಣ್ಣಿನಲ್ಲಿ ನೋಡಿದೆ: ಸಾಹೇಬರು ನುಡಿಸುತ್ತಲೇ ಅಳುತ್ತಿದ್ದರು. ಗೋದಾಮಿನಲ್ಲಿ ಈರುಳ್ಳಿಯ ಘಾಟು ಇತ್ತು, ನಿಜ. ಆದರೆ ಅದು ಈರುಳ್ಳಿಯ ಕಣ್ಣೀರಲ್ಲ. ನನಗಾದ ಸಂತೋಷವನ್ನು ಇವತ್ತಿಗೂ ಹೇಳಲಾರೆ.

ಪರದೆ ಬಿದ್ದ ಮೇಲೆ ಸಾಹೇಬರು ಸ್ನೇಹಿತನ ಕೈ ಹಿಡಿದು ಕೇಳಿದರು: "ನಿಜ ಹೇಳೋ ರುದ್ರಾ, ನನ್ನ ಮುಖ ನೋಡಿ ಕೂಗ್ಲಿಲ್ಲ ತಾನೇ?"

"ಲೇ ಗೌಸೂ, ಮೊದ್ಲೆರಡು ಹಾಡು ಏನೂ ಕೇಳಿಸ್ಲಿಲ್ಲ ಕಣೋ. ಎಲ್ರೂ ಕಡ್ಲೆಕಾಯಿ ಒಡೀತಾ ಕೂತಿದ್ರು. ಇವ್ನು ಸಾಯಕ್ಕೆ ಶುರು ಮಾಡ್ದ ನೋಡು, ಮುಂದಿನ ಬೆಂಚು ಒಡೆಯೋದು ನಿಲ್ಸ್ತು. ಅದರ ಹಿಂದಿಂದು ನಿಲ್ಸ್ತು. ಕೊನೇಗೆ ನನ್ ಪಕ್ಕದೋನೂ ನಿಲ್ಸ್ದ. ಆಮೇಲೆ ಒಂದೊಂದು ಅಕ್ಷರಾನೂ ಕೇಳಿಸ್ತು."

ಸಾಹೇಬರು ಮರುದಿನವೇ ಮುಂದಿನ ನಾಟಕಕ್ಕೆ ಕೋಟು ಕತ್ತರಿಸಲು ಕೂತರು. ನಾನು ಮಾತ್ರ ಬಹಳ ದಿನ, ಆವತ್ತು ಗೆದ್ದದ್ದು ನನ್ನ ಗಂಟಲು ಎಂದು ತರೀಕೆರೆಯಿಂದ ಕಡೂರಿನವರೆಗೆ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳುವುದಿಲ್ಲ. ಈಗಿನದು ಅದಕ್ಕಿಂತ ದೊಡ್ಡ ಬಡಾಯಿ: ನನ್ನ ಹಾಡಿಗಾಗಿ ಐನೂರು ಜನ ಕಡಲೆಕಾಯಿ ತಿನ್ನುವುದನ್ನು ಬಿಟ್ಟಿದ್ದರು.