ಲಿಂಗಕ್ಕೆ ತೋರಿಸದ ಲೋಟ

ಅಮ್ಮನ ಪಕ್ಕೆಯಿಂದ ಒಂದು ನಳಿಕೆ ಹೊರಬಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿದಿತ್ತು. ಚೀಲದಲ್ಲಿ ಹಸಿರುಗಟ್ಟಿದ ಪಿತ್ತ ತುಂಬುತ್ತಿತ್ತು. ನಾನು ಬಚ್ಚಲಿಗೆ ಸುರಿದು ಬರುವಷ್ಟರಲ್ಲಿ ಮತ್ತೆ ಹನಿಯುತ್ತಿತ್ತು.

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಆಪರೇಷನ್ ಮಾಡಿಸಿದ್ದೆವು. ಸಣ್ಣ ತೂತು ಹಾಕಿ ತೆಗೆಯುತ್ತಾರೆ, ಏನೂ ಇಲ್ಲ ಎಂದಿದ್ದರು. ಅಮ್ಮ ಆಸ್ಪತ್ರೆಯಿಂದ ತಾನೇ ನಡೆದು ಹೊರಬಂದು ಸಿಂಗಟಗೆರೆಯ ತನ್ನ ಮನೆಗೆ ಬಂದಳು. ವಾರ ಕಳೆಯುವುದರೊಳಗೆ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು, ಮೈ ಕೆಂಡವಾಯಿತು. ಕಾರು ಮಾಡಿಕೊಂಡು ಕಡೂರು, ತರೀಕೆರೆ ದಾಟಿ ಶಿವಮೊಗ್ಗಕ್ಕೆ ಓಡಿದೆವು. ಕೋಶ ತೆಗೆಯುವಾಗ ಪಕ್ಕದ ಪಿತ್ತನಾಳಕ್ಕೂ ಕತ್ತರಿ ಬಿದ್ದಿದೆ, ಪಿತ್ತವೆಲ್ಲ ಹೊಟ್ಟೆಯೊಳಗೆ ಸೋರಿದೆ ಎಂದರು ಅಲ್ಲಿನ ಡಾಕ್ಟರು. ಈಗಲೇ ಹೊಲಿದರೆ ಹಿಡಿಯುವುದಿಲ್ಲ, ಊತ ಇಳಿಯಬೇಕು, ಆಮೇಲೆ ದೊಡ್ಡ ಆಪರೇಷನ್. ಅಲ್ಲಿಯವರೆಗೆ ಈ ನಳಿಕೆ, ಈ ಚೀಲ. ಅಮ್ಮನನ್ನು ಅಜ್ಜಂಪುರದ ನನ್ನ ಮನೆಗೆ ಕರೆತಂದೆ.

ನೋಡಲು ಬಂದ ಚಿಕ್ಕಮ್ಮ ಹಾಸಿಗೆಯ ಪಕ್ಕದಲ್ಲೇ ಕೂತು, "ಗಣಪತಿ ಮಾಡಕ್ಕೋಗಿ ಅವರಪ್ಪನ್ನ ಮಾಡ್ದಂಗಾಯ್ತು ಕಣೇ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಕಾಫಿಯನ್ನೂ ಕೊಡದೆ ಕಳಿಸಿದೆ.

ಅಮ್ಮ ದಿನದಿನಕ್ಕೆ ಒಣಗಿದಳು. ನಾಲಿಗೆ ಬಿರುಕುಬಿಟ್ಟಿತು. ಮತ್ತೆ ತೋರಿಸಿದಾಗ ಡಾಕ್ಟರು, "ಇಷ್ಟು ಪಿತ್ತ ಹೊರಗೆ ಹೋದ್ರೆ ಮೈಯಲ್ಲಿನ ನೀರು, ಉಪ್ಪು ಎಲ್ಲ ಹೋಗುತ್ತಮ್ಮ. ಚೀಲದ್ದನ್ನ ಚೆಲ್ಲಬೇಡಿ. ಬಂದದ್ದನ್ನ ಆಗಿಂದಾಗ್ಲೇ ಸೋಸಿ, ಹಣ್ಣಿನ ರಸಕ್ಕೆ ಬೆರೆಸಿ ಇವರಿಗೇ ಕುಡಿಸಿ. ಇಲ್ಲದಿದ್ರೆ ಆಪರೇಷನ್ ತನಕ ಇವರು ತಡೆಯೋದು ಕಷ್ಟ" ಎಂದರು. ಅಮ್ಮ ಅಲ್ಲೇ ಒಲ್ಲೆ ಎಂದಳು. ಕುಡಿಯದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆಯನ್ನು ಅವಳಿಗೂ ಹಾಕಿದರು. ಆಸ್ಪತ್ರೆ ಬಿಡುವ ಮೊದಲೇ ಅದನ್ನು ಕಿತ್ತು ಬಿಸಾಡಿದಳು.

ದಾಳಿಂಬೆ ರಸಕ್ಕೆ ಬೆರೆಸಿ ಲೋಟ ಹಿಡಿದೆ. ಅಮ್ಮ ಮುಖ ತಿರುಗಿಸಿದಳು. ಹೇಸಿಗೆಗಲ್ಲ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು, ತಿನ್ನುವುದನ್ನು ಮೊದಲು ಅದಕ್ಕೆ ಅರ್ಪಿಸದೆ ಒಂದು ತುತ್ತು ಬಾಯಿಗಿಟ್ಟವಳಲ್ಲ ಅವಳು.

"ಇದನ್ನ ಅವನಿಗೆ ಹೆಂಗೆ ತೋರಿಸ್ಲೇ? ಮೈಯಿಂದ ಹೊರಗೆ ಬಿದ್ದ ಹೊಲಸು."

"ಹಂಗಾದ್ರೆ ಅವನ್ನ ಬಿಚ್ಚಿಟ್ಟು ಕುಡಿ."

ಲಿಂಗ ಬಿಚ್ಚಿದವರು ಸತ್ತವರಿಗೆ ಸಮ ಎಂದು ನನ್ನನ್ನು ಬೆಳೆಸಿದವಳು ಅಮ್ಮ. ಗೋಡೆಗೆ ಮುಖ ಮಾಡಿ ಮಲಗಿದಳು. ಬೇಡಿಕೊಂಡೆ, ಬೈದೆ, ಅತ್ತೆ. ಮಠದ ಸ್ವಾಮಿಗಳನ್ನು ಕೇಳಿಕೊಂಡು ಬಂದೆ. ಔಷಧಿಗೆ ದೋಷವಿಲ್ಲ ಎಂದರು ಅವರು. "ಸ್ವಾಮಿಗಳು ಹೇಳ್ತಾರೆ. ಕುಡಿಯೋಳು ನಾನು" ಎಂದಳು ಅಮ್ಮ.

ಒಂದು ಬೆಳಿಗ್ಗೆ ಅವಳು ಎದ್ದು ಕೂರಲಾರದೆ ಹೋದಳು. ದೇವರೇ, ಕಣ್ಣೆದುರಿಗೇ ಹೋಗುತ್ತಿದ್ದಾಳೆ, ಬದುಕಿಸುವುದು ನನ್ನ ಕೈಯ ಲೋಟದಲ್ಲಿದೆ, ಆದರೂ ಆಗುತ್ತಿಲ್ಲ. ನನಗೆ ತಲೆ ಕೆಟ್ಟಿತು. ಅವಳು ನೋಡುತ್ತಿದ್ದಂತೆ ಲೋಟವೆತ್ತಿ ಒಂದು ಗುಟುಕು ಕುಡಿದುಬಿಟ್ಟೆ. ಕಹಿ ನೆತ್ತಿಗೇರಿತು. ಬಾಯಿ ಒತ್ತಿಹಿಡಿದು ಎರಡನೆಯ ಗುಟುಕಿಗೆ ಮತ್ತೆ ಲೋಟ ಎತ್ತಿದೆ.

"ಲೇ, ಬ್ಯಾಡ ಕಣೇ! ಹುಚ್ಚಿಡೀತಾ ನಿಂಗೆ? ತಾ ಇಲ್ಲಿ!"

ಎಲ್ಲಿತ್ತೋ ಆ ಶಕ್ತಿ, ಮೊಣಕೈ ಊರಿ ಎದ್ದು ಲೋಟ ಕಿತ್ತುಕೊಂಡಳು. ಈಗ ಅದು ಬರಿಯ ಪಿತ್ತವಲ್ಲ, ನನ್ನ ಎಂಜಲೂ ಆಗಿತ್ತು. ಯಾವ ಕಾರಣಕ್ಕೂ ಲಿಂಗಕ್ಕೆ ತೋರಿಸುವಂತಿಲ್ಲ. ಅಮ್ಮ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗನ್ನು ಎಳೆದು ಕೊರಳಿನ ಲಿಂಗವನ್ನು ಪೂರ್ತಿ ಮುಚ್ಚಿದಳು. ಕಣ್ಣು ಮುಚ್ಚಿಕೊಂಡು ಗಟಗಟನೆ ಕುಡಿದಳು.

ಖಾಲಿ ಲೋಟ ನನ್ನ ಕೈಗಿಟ್ಟು ಬಹಳ ಹೊತ್ತು ಏದುಸಿರು ಬಿಟ್ಟಳು. ಸೆರಗನ್ನು ಮಾತ್ರ ತೆಗೆಯಲಿಲ್ಲ.

"ನಾಳೆಯಿಂದ ನೀನು ಬಾಯಿಗಿಡಬ್ಯಾಡ. ನಾನೇ ಕುಡೀತೀನಿ" ಎಂದಳು.

ಆಪರೇಷನ್ನಿಗೆ ಇನ್ನೂ ಒಂದು ತಿಂಗಳಿತ್ತು. ಮಂಚದ ಪಕ್ಕದ ಚೀಲಕ್ಕೆ ಪಿತ್ತ ಆಗಲೇ ಹನಿಯತೊಡಗಿತ್ತು.