ನಳಿಗೆಯನ್ನು ಮುಟ್ಟದ ಕವಚ

ಕೆಟ್ಟಿರುವುದು ಡಾರ್ಲೀನಳ ಕಣ್ಣೋ, ಅವಳ ರೈಫಲ್ಲಿಗೆ ತಾನು ಹಾಕಿಕೊಟ್ಟ ಕವಚವೋ? ಕಣ್ಣೇ ಆಗಿದ್ದರೆ ತನ್ನಿಂದ ಏನೂ ಆಗದು. ಕವಚವಾಗಿದ್ದರೆ, ಒಂದು ವರ್ಷದಿಂದ ಅವಳು ವಿನಾಕಾರಣ ತನ್ನ ವಯಸ್ಸನ್ನು ಬೈದುಕೊಂಡಿದ್ದಾಳೆ. ಬೆಳಗಿನ ಐದೂವರೆ. ಒಹಾಯೊದ ಹಾರ್ಲನ್ ಗ್ರೋವ್‌ನಲ್ಲಿ, ದನದ ಮೇವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ವೆಂಡೆಲ್ ಕ್ರೂಗರ್ ಒಂದು ರೈಫಲ್ಲನ್ನು ಮುಂದಿಟ್ಟುಕೊಂಡು ಕಾಫಿ ಆರಿದ್ದನ್ನೂ ಮರೆತು ಕುಳಿತಿದ್ದಾರೆ.

"ಕಣ್ಣು ರಿಪೇರಿ ಮಾಡೋಕೆ ನಂಗೆ ಬರಲ್ಲ. ಅದಕ್ಕೇ ತಪ್ಪು ನಂದೇ ಆಗಿರ್ಲಪ್ಪಾ ಅಂತ ಬೇಡ್ಕೋತಾ ಇದೀನಿ," ಎನ್ನುತ್ತಾರೆ. ತನ್ನ ತಪ್ಪು ಹೊರಬೀಳಲಿ ಎಂದು ಬೇಡಿಕೊಳ್ಳುವ ಕಸುಬುದಾರರು ಹೆಚ್ಚು ಸಿಗಲಾರರು.

ವೆಂಡೆಲ್‌ಗೆ ಅರವತ್ತೆಂಟು. ಟ್ರ್ಯಾಕ್ಟರ್ ಬಿಡಿಭಾಗಗಳ ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಹಳೆಯ ಲೇತನ್ನು ಹರಾಜಿನಲ್ಲಿ ಕೊಂಡು ಈ ಕೋಣೆ ಸೇರಿದವರು. ಅದಾಗಿ ಮೂವತ್ತೊಂದು ವರ್ಷ. ಬಲಗೈ ತೋರುಬೆರಳಿನ ತುದಿಯನ್ನು ಅದೇ ಲೇತ್ ತಿಂದಿದೆ. ವಾರಕ್ಕೆ ನಾಲ್ಕೈದು ಕೋವಿಗಳು ಬರುತ್ತವೆ, ಜಿಂಕೆ ಬೇಟೆಯ ನವೆಂಬರಿಗೆ ಮೊದಲು ಇಪ್ಪತ್ತು. ಬಾಗಿಲಿಗೆ ಬೋರ್ಡಿಲ್ಲ. ಸುತ್ತಲ ಮೂರು ಕೌಂಟಿಗಳ ಗುರಿಕಾರರು ಗೆದ್ದ ಫಲಕಗಳಲ್ಲಿ ಎಲ್ಲಿಯೂ ಇವರ ಹೆಸರಿಲ್ಲ.

ಅವರ ಕೆಲಸದ ಬಹುಪಾಲು ಎಡಗೈ ಹಿಡಿಯುವ ಕವಚದ್ದು. ರೈಫಲ್ ಜೊತೆ ಬರುವ ಪ್ಲಾಸ್ಟಿಕ್ ಕವಚ ನಳಿಗೆಯ ಮುಂಭಾಗವನ್ನು ಕಚ್ಚಿಕೊಂಡಿರುತ್ತದೆ. ಮಲಗಿ ಗುರಿಯಿಡುವವರು ಕವಚಕ್ಕೆ ಸಿಕ್ಕಿಸಿದ ಪಟ್ಟಿಯನ್ನು ತೋಳಿಗೆ ಬಿಗಿದು ಎಳೆದಾಗ ನಳಿಗೆಯೂ ಕೂದಲೆಳೆಯಷ್ಟು ಜಗ್ಗುತ್ತದೆ. ಆರುನೂರು ಗಜದಾಚೆ ಆ ಕೂದಲೆಳೆ ಒಂದು ಗೇಣಾಗುತ್ತದೆ. ಅದಕ್ಕಾಗಿ ಬುಡದಲ್ಲಿ ಮಾತ್ರ ಕೂತು, ನಳಿಗೆಯನ್ನು ಎಲ್ಲಿಯೂ ಮುಟ್ಟದೆ ಅದರ ಸುತ್ತ ನಿಲ್ಲುವ ಲೋಹದ ಕವಚ ಹಾಕಿಸುತ್ತಾರೆ. "ಹಾಡ್ತಾ ಇರೋನ ಕುತ್ತಿಗೆಗೆ ಯಾರಾದ್ರೂ ಕೈ ಹಾಕ್ತಾರಾ? ನಳಿಗೇನೂ ಹಂಗೇ," ಎನ್ನುತ್ತಾರೆ ವೆಂಡೆಲ್.

ಡಾರ್ಲೀನ್ ಪ್ರ್ಯೂಟ್‌ಗೆ ಐವತ್ತೊಂಬತ್ತು. ಶಾಲಾ ಬಸ್ಸಿನ ಚಾಲಕಿ. ಕಳೆದ ವರ್ಷ ಆಕೆಗೆ ಹದಿನೈದು ಇಂಚಿನ, ತೆಳುವಾದ, ಹಗುರ ಕವಚ ಆರಿಸಿಕೊಟ್ಟದ್ದು ವೆಂಡೆಲ್ಲೇ. ಅಂದಿನಿಂದ ಆಕೆಯ ಗುಂಡುಗಳು ಎಡಕ್ಕೆ ಸರಿಯುತ್ತಿವೆ. ನಿನ್ನೆ ಸಂಜೆ ಕೋವಿಯನ್ನು ಮೇಜಿನ ಮೇಲಿಟ್ಟು ಹೇಳಿದರಂತೆ: "ಒಂದ್ಸಲ ನೋಡ್ಬಿಡು. ಶನಿವಾರದ ಪಂದ್ಯ ಮುಗಿದ್ಮೇಲೆ ಮಾರಿಬಿಡ್ತೀನಿ. ಕಣ್ಣು ಹೋಯ್ತು ಕಣೋ." ವೆಂಡೆಲ್ "ಆಯ್ತು" ಎಂದರಂತೆ. ಆಮೇಲೆ ನೇರವಾಗಿ ಔಷಧಿ ಅಂಗಡಿಗೆ ಹೋಗಿ ಒಂದು ಲಿಪ್‌ಸ್ಟಿಕ್ ಕೊಂಡರು.

ಗಲ್ಲಾದಲ್ಲಿದ್ದ ಟ್ರೂಡಿ ಬಿಡಲಿಲ್ಲವಂತೆ. "ಈ ಕೆಂಪು ನಿನ್ನ ಮುಖಕ್ಕೆ ಒಪ್ಪಲ್ಲ ವೆಂಡೆಲ್, ಆ ಗುಲಾಬಿ ತಗೋ."

ಆರು ಗಂಟೆಗೆ ಹಳದಿ ಬಸ್ಸು ಅಂಗಳದಲ್ಲಿ ನಿಲ್ಲುತ್ತದೆ. ಇನ್ನು ಇಪ್ಪತ್ತು ನಿಮಿಷದಲ್ಲಿ ಡಾರ್ಲೀನ್ ಮೊದಲ ಮಗುವಿನ ಮನೆ ಮುಂದಿರಬೇಕು. ಕವಚ ಬಿಚ್ಚಿದ ವೆಂಡೆಲ್, ನಳಿಗೆಯ ಮೇಲೆ ಗಂಟಿನಂತೆ ಉಬ್ಬಿರುವ ಉಕ್ಕಿನ ತುಂಡಿಗೆ ಲಿಪ್‌ಸ್ಟಿಕ್ ಬಳಿಯುತ್ತಿದ್ದಾರೆ.

"ನಲವತ್ತು ವರ್ಷದಲ್ಲಿ ನನ್ನ ಗಂಡ ನಂಗೊಂದು ಲಿಪ್‌ಸ್ಟಿಕ್ ತಂದ್ಕೊಟ್ಟಿಲ್ಲ. ನೀನು ನನ್ನ ಕೋವಿಗೆ ತಂದಿದೀಯ!"

"ಅದು ನಿನ್ನಷ್ಟು ಮಾತಾಡಲ್ಲ ನೋಡು. ಮಲಕ್ಕೋ."

ಕವಚವನ್ನು ಮತ್ತೆ ಕೂರಿಸಿ, ಕೋವಿ ಖಾಲಿಯಿದೆಯೆಂದು ಎರಡು ಬಾರಿ ನೋಡಿ, ಆಕೆಗೂ ತೋರಿಸಿ ಕೊಡುತ್ತಾರೆ. ಡಾರ್ಲೀನ್ ಮೇವಿನ ಗೋಣಿಯ ಮೇಲೆ ಬೋರಲು ಮಲಗಿ ತೋಳಿಗೆ ಪಟ್ಟಿ ಸುತ್ತಿಕೊಳ್ಳುತ್ತಾರೆ.

"ಪಂದ್ಯದಲ್ಲಿ ಎಳೆಯೋ ಹಂಗೇ ಎಳಿ. ಮುದುಕಿ ಥರ ಬೇಡ."

"ಯಾರಯ್ಯಾ ಮುದುಕಿ?" ಪಟ್ಟಿ ಕಿರುಗುಟ್ಟುತ್ತದೆ.

ವೆಂಡೆಲ್ ಮತ್ತೆ ಕವಚ ಬಿಚ್ಚಿ ಒಳಗೆ ಟಾರ್ಚ್ ಬಿಡುತ್ತಾರೆ. ಬಲಗೋಡೆಯ ಒಳಮೈಯಲ್ಲಿ ಉಗುರಿನಗಲದ ಕೆಂಪು. ಇಬ್ಬರೂ ಬಗ್ಗಿ ನೋಡುತ್ತಾರೆ.

"ತಪ್ಪು ನಂದು," ಎನ್ನುತ್ತಾರೆ ವೆಂಡೆಲ್. "ಹೋದ ವರ್ಷ ಮರಳಿನ ಚೀಲದ ಮೇಲಿಟ್ಟು ಹೊಡೆದು ನೋಡಿದೆ. ಎಲ್ಲಾ ಗುಂಡೂ ಒಂದೇ ತೂತಲ್ಲಿ ಬಿದ್ವು, ಖುಷಿಯಾಗಿ ಕೊಟ್ಬಿಟ್ಟೆ. ಮರಳಿನ ಚೀಲ ಪಟ್ಟಿ ಎಳೆಯಲ್ಲ. ನೀನು ಎಳೀತೀಯ. ಕವಚ ಬಾಗಿ ಒಳಗಿನ ಗಂಟಿಗೆ ತಾಗ್ತಾ ಇದೆ."

"ಅಂದ್ರೆ ನನ್ನ ಕಣ್ಣು?"

"ನಿನ್ನ ಕಣ್ಣಿಗೇನಾಗಿದೆ ಧಾಡಿ?"

"ಒಂದು ವರ್ಷ ದಿನಾ ಕ್ಯಾರೆಟ್ ತಿಂದಿದೀನಲ್ಲೋ ಪಾಪಿ!" ನಗು ತಡೆಯಲಾಗದೆ ಡಾರ್ಲೀನ್ ಗೋಣಿಯ ಮೇಲೇ ಕೂತುಬಿಡುತ್ತಾರೆ.

ಈಗ ಮತ್ತೆ ಆರಿಸಬೇಕು. ಮೇಜಿನ ಮೇಲೆ ಎರಡು ಕವಚಗಳಿವೆ: ಹದಿನೈದು ಇಂಚಿನದೇ, ಆದರೆ ದಪ್ಪ ಗೋಡೆಯದು, ಮತ್ತು ಹನ್ನೆರಡು ಇಂಚಿನ ಮೋಟು. ಮೊದಲನೆಯದನ್ನು ಹೊಳೆಯುವ ಹೊಸ ಕೋವಿಗಳ ಮೇಲೆ ಎಲ್ಲರೂ ನೋಡಿದ್ದಾರೆ. ವೆಂಡೆಲ್ ಆಕೆಯ ಎಡಗೈ ಕೈಗವಸಿಗೆ ಸೀಮೆಸುಣ್ಣ ಬಳಿದು ಹಿಡಿಯಲು ಹೇಳುತ್ತಾರೆ. ಬಿಳಿಯ ಗುರುತು ಒಂಬತ್ತನೇ ಇಂಚಿಗೆ ಮುಗಿಯುತ್ತದೆ.

"ನಿನ್ನ ಕೈ ಇಲ್ಲಿಗೇ ನಿಲ್ಲತ್ತೆ. ಮುಂದಿಂದು ಬರೀ ಶೋಕಿ. ಹನ್ನೆರಡರದ್ದು ಆ ಗಂಟಿಗಿಂತ ಮುಂಚೇನೇ ಮುಗಿಯತ್ತೆ, ತಾಗೋಕೆ ಅಲ್ಲಿ ಏನೂ ಇರಲ್ಲ. ಆದ್ರೆ ಇದರ ಗೋಡೇನೂ ದಪ್ಪ, ಹಳೇದಕ್ಕಿಂತ ನಾಲ್ಕು ಔನ್ಸ್ ಭಾರ. ನೋಡೋಕೂ ಮೊಂಡು. ನಗೋರು ನಗ್ತಾರೆ."

"ಐವತ್ತಾರು ಮಕ್ಕಳನ್ನ ಹೊತ್ಕೊಂಡು ತಿರುಗೋಳಿಗೆ ನಾಲ್ಕು ಔನ್ಸ್ ಯಾವ ಲೆಕ್ಕ? ನಗೋರು ಬರಲಿ, ಬಸ್ಸಿಗೆ ಹತ್ತಿಸ್ಕೋತೀನಿ," ಎಂದು ಡಾರ್ಲೀನ್ ಓಡುತ್ತಾರೆ.

ಮೋಟು ಕವಚ ಕೂರಿಸಲು ವೆಂಡೆಲ್ ಅರ್ಧ ದಿನ ಕೊಟ್ಟರು. ಮುಗಿದ ಮೇಲೆ ತಾವೇ ಗೋಣಿಯ ಮೇಲೆ ಮಲಗಿ, ಪಟ್ಟಿ ಬಿಗಿದು, ಮಂಡಿನೋವಿಗೆ ನರಳುತ್ತಾ ಎಳೆದು ನೋಡಿದರು.

ಶನಿವಾರ ಆರುನೂರು ಗಜದಲ್ಲಿ ಡಾರ್ಲೀನ್ ಇಪ್ಪತ್ತು ಗುಂಡು ಹಾರಿಸಿ ಇನ್ನೂರಕ್ಕೆ ನೂರ ತೊಂಬತ್ತನಾಲ್ಕು ಗಳಿಸಿದರು, ಮೂರನೇ ಸ್ಥಾನ. ಸೋಮವಾರ ಬೆಳಿಗ್ಗೆ ರುಬಾರ್ಬ್ ಎಂಬ ಹುಳಿದಂಟಿನ ಪೈ ಹಿಡಿದು ಬಂದವರು ಕೋವಿಯನ್ನೂ ತಂದಿದ್ದಾರೆ. "ಮುಂದಿನ ತಿಂಗಳು ಇನ್ನೊಂದು ಪಂದ್ಯ ಇದೆ. ಟ್ರಿಗರ್ ಸ್ವಲ್ಪ ಬಿಗಿ ಅನ್ಸತ್ತೆ, ನೋಡ್ಕೊಡು. ಮರಳಿನ ಚೀಲಕ್ಕೆ ಕೊಟ್ಟು ಕೇಳ್ಬೇಡ ಮತ್ತೆ!"

ನಿಮ್ಮ ಆಸೆಯೇನು ಎಂದು ಕೇಳಿದರೆ ವೆಂಡೆಲ್ ಪೈ ಅಗಿಯುತ್ತಾ ಯೋಚಿಸುತ್ತಾರೆ. "ಗುರಿ ಇಡೋರಿಗೆ ನನ್ನ ಕವಚ ನೆನಪಿಗೇ ಬರಬಾರ್ದು. ನೆನಪಾಯ್ತು ಅಂದ್ರೆ ಎಲ್ಲೋ ತಾಗ್ತಾ ಇದೆ ಅಂತ."

ಬಸ್ಸು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದು, ಒಳಬಂದು ಟ್ರಿಗರ್ ಬಿಚ್ಚುತ್ತಾರೆ. ಕೋವಿ ಮಾರಬೇಡ ಎಂದು ಅವರು ಡಾರ್ಲೀನ್‌ಗೆ ಒಮ್ಮೆಯೂ ಹೇಳಲಿಲ್ಲ.